ಫಾರ್ಮ್ಯಾಟ್ ಹೊಡೆಸೋ ಮುಂಚೆ: ಎಡಿಟಿಂಗ್ ಸಿಸ್ಟಂ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಮದುವೆ ಸೀಸನ್ ಶುರುವಾದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಣ್ಣಾ, ಸಿಸ್ಟಂ ಹ್ಯಾಂಗ್ ಆಗ್ತಾ ಇದೆ. ಫಾರ್ಮ್ಯಾಟ್ ಹೊಡೆಸಿಬಿಡ್ಲಾ?" ದಾವಣಗೆರೆ ಊರೊಳಗಿನ ಸ್ಟುಡಿಯೊದವರೂ ಇದನ್ನೇ ಕೇಳುತ್ತಾರೆ, ಹರಿಹರ, ಚನ್ನಗಿರಿ, ಹೊಳಲ್ಕೆರೆಯಲ್ಲಿ ಮಿಕ್ಸಿಂಗ್, ಅಂದರೆ ಮದುವೆ ವಿಡಿಯೊ ಎಡಿಟಿಂಗ್, ಮಾಡುವವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಅದೇ ಉತ್ತರ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಇದನ್ನು ಬರೆದಿಟ್ಟೆ.

ನನ್ನ ಉತ್ತರ ಒಂದೇ: ಬೇಡ. ಈಗಲೇ ಬೇಡ. ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು, ಕೊನೆಯ ಮೆಟ್ಟಿಲು, ಮೊದಲನೆಯದಲ್ಲ. ತೊಂದರೆ ಕ್ಲಿಪ್‌ನಲ್ಲಿದ್ದರೆ ಫಾರ್ಮ್ಯಾಟ್ ಆದ ಮೇಲೂ ಆ ಕ್ಲಿಪ್ ಜಗ್ಗುತ್ತದೆ. ತೊಂದರೆ ಫ್ಯಾನಿನ ಧೂಳಿನಲ್ಲಿದ್ದರೆ ವಿಂಡೋಸ್ ಹೊಸದಾದ ಮಾತ್ರಕ್ಕೆ ಧೂಳು ಹೋಗಲ್ಲ, ಅಲ್ವಾ? ತೊಂದರೆ ಇರುವುದು ಫೈಲಿನಲ್ಲೋ, ಸಾಫ್ಟ್‌ವೇರ್‌ನಲ್ಲೋ, ಮಿಷನ್ನಿನಲ್ಲೋ, ಕರೆಂಟಿನಲ್ಲೋ ಅನ್ನುವುದನ್ನು ಮೊದಲು ಬೇರೆ ಮಾಡಬೇಕು. ಕೆಳಗಿನ ಹಂತಗಳು ಅದಕ್ಕೇ ಇರುವುದು. ಹೆಚ್ಚಿನವರು ವಿಂಡೋಸ್‌ನಲ್ಲಿ ಪ್ರೀಮಿಯರ್ ಪ್ರೊ ಇಲ್ಲವೇ ಎಡಿಯಸ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಬಳಸುತ್ತೀರಿ ಅಂದುಕೊಂಡು ಬರೆದಿದ್ದೇನೆ. ಡಾವಿಂಚಿ ರಿಸಾಲ್ವ್ ಬಳಸುವವರಿಗೂ ಮುಕ್ಕಾಲು ಪಾಲು ಇದೇ ಅನ್ವಯಿಸುತ್ತದೆ.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ನು. ತಮಾಷೆಯಲ್ಲ, ಇದೇ ಮುಖ್ಯ. ಸಾಕಷ್ಟು ಜಾಗ ಇರುವ ಒಂದು ಎಕ್ಸ್‌ಟರ್ನಲ್ ಡಿಸ್ಕ್. ಸ್ಟಾರ್ ಸ್ಕ್ರೂಡ್ರೈವರ್, ಮೆತ್ತನೆಯ ಪೇಂಟ್ ಬ್ರಷ್, ಒಂದು ಬ್ಲೋವರ್. ಪುಕ್ಕಟೆ ಸಿಗುವ ನಾಲ್ಕು ಸಾಫ್ಟ್‌ವೇರ್: ಕ್ಲಿಪ್‌ನ ಜಾತಕ ತೋರಿಸುವ ಮೀಡಿಯಾಇನ್ಫೊ, ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯುಇನ್ಫೊ, ಫೈಲ್ ಬದಲಾಯಿಸಲು ಶಟರ್ ಎನ್‌ಕೋಡರ್. ನಾಲ್ಕನ್ನೂ ಅವುಗಳದೇ ಅಧಿಕೃತ ಜಾಲತಾಣದಿಂದ ಇಳಿಸಿಕೊಳ್ಳಿ.

ಇನ್ನೊಂದು ಇದೆ. ನಿಮ್ಮ ಸಿಸ್ಟಂ ಚೆನ್ನಾಗಿದ್ದಾಗ ಸಲೀಸಾಗಿ ಓಡಿದ್ದ ಒಂದು ಹಳೆಯ ಪ್ರಾಜೆಕ್ಟನ್ನು ಅದರ ಕ್ಲಿಪ್‌ಗಳ ಸಮೇತ ಬೇರೆ ಇಟ್ಟಿರಿ. ನಾನು ಅದನ್ನು ಸಾಕ್ಷಿ ಪ್ರಾಜೆಕ್ಟ್ ಅನ್ನುತ್ತೇನೆ. ಇವತ್ತು ಅದೂ ಜಗ್ಗಿದರೆ ತಪ್ಪು ಮಿಷನ್ನಿನದು ಇಲ್ಲವೇ ಸಾಫ್ಟ್‌ವೇರ್‌ನದು. ಅದು ಓಡಿ, ಹೊಸ ಮದುವೆ ಮಾತ್ರ ಜಗ್ಗಿದರೆ ತಪ್ಪು ಫೈಲಿನದು. ಐದು ನಿಮಿಷದಲ್ಲಿ ಅರ್ಧ ದಾರಿ ಸಾಗಿದಂತೆ.

ಹಂತ 1: ಮೊದಲು ಕಾಪಿ, ಆಮೇಲೆ ರಿಪೇರಿ

ಏನನ್ನೂ ಮುಟ್ಟುವ ಮುಂಚೆ ಪ್ರಾಜೆಕ್ಟ್ ಫೈಲ್, ಆಟೊ ಸೇವ್ ಫೋಲ್ಡರ್, ಕ್ಯಾಮೆರಾ ಕ್ಲಿಪ್‌ಗಳು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋಗಬೇಕು. ಪ್ರೀಮಿಯರ್‌ನಲ್ಲಿ ಆಟೊ ಸೇವ್ ಫೋಲ್ಡರ್ ಸಾಮಾನ್ಯವಾಗಿ ಪ್ರಾಜೆಕ್ಟ್ ಫೈಲಿನ ಪಕ್ಕದಲ್ಲೇ ಇರುತ್ತದೆ. ನೀವು ಜಾಗ ತೋರಿಸದೇ ಸೇವ್ ಮಾಡಿದ್ದರೆ ಎರಡೂ ಸಿ ಡ್ರೈವ್‌ನ ಡಾಕ್ಯುಮೆಂಟ್ಸ್ ಒಳಗೆ ಕೂತಿರಬಹುದು. ಫಾರ್ಮ್ಯಾಟ್ ಹೊಡೆದಾಗ ಮೊದಲು ಹೋಗುವುದೇ ಅದು. "ಫೋಟೊ, ವಿಡಿಯೊ ಎಲ್ಲಾ ಡಿ ಡ್ರೈವ್‌ನಲ್ಲಿವೆ, ಸಿ ಹೊಡೆದುಬಿಡಿ" ಅಂತ ಧೈರ್ಯವಾಗಿ ಹೇಳಿ, ನಾಲ್ಕು ದಿನ ಕೂತು ಕ್ಲಿಪ್ ಜೋಡಿಸಿದ ಟೈಮ್‌ಲೈನ್ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಮೆಮೊರಿ ಕಾರ್ಡ್‌ಗಳನ್ನು ಈಗ ಖಾಲಿ ಮಾಡಬೇಡಿ. ಮುಂದಿನ ಮದುವೆಗೆ ಕಾರ್ಡ್ ಬೇಕೇ ಬೇಕು ಅಂದರೆ ಹೊಸದು ಕೊಳ್ಳಿ. ಧಾರೆ ಎರೆಯುವುದನ್ನು ಇನ್ನೊಂದು ಸಲ ಶೂಟ್ ಮಾಡಲು ಆಗಲ್ಲ.

ಹಂತ 2: ಲಕ್ಷಣ ಬರೆದುಕೊಳ್ಳಿ

"ಹ್ಯಾಂಗ್ ಆಗುತ್ತೆ" ಅಂದರೆ ಏನೂ ಹೇಳಿದಂತಾಗಲ್ಲ. ಹೊಟ್ಟೆನೋವು ಅಂದರೆ ಡಾಕ್ಟರು ಎಲ್ಲಿ, ಯಾವಾಗಿಂದ, ಊಟದ ಮುಂಚೆಯೋ ಆಮೇಲೋ ಅಂತ ಕೇಳುತ್ತಾರಲ್ಲ, ಹಾಗೆ ಕೇಳಿಕೊಳ್ಳಿ. ಯಾವ ಹೊತ್ತಿಗೆ ಆಯಿತು? ಶುರು ಮಾಡಿ ಎಷ್ಟು ಹೊತ್ತಾಗಿತ್ತು? ಟೈಮ್‌ಲೈನ್‌ನ ಯಾವ ಜಾಗದಲ್ಲಿ? ಎಕ್ಸ್‌ಪೋರ್ಟ್ (ಎಡಿಟ್ ಮುಗಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವುದು) ನಿಂತರೆ ಎಷ್ಟು ಪರ್ಸೆಂಟ್‌ನಲ್ಲಿ? ಎರರ್ ಬಂದರೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ.

ನನ್ನ ಅನುಭವದ ಲೆಕ್ಕ ಹೀಗಿದೆ. ಪ್ಲೇ ಮಾಡುವಾಗ ಚಿತ್ರ ಜಗ್ಗುತ್ತದೆ, ಆದರೆ ಮೌಸ್, ಮಿಕ್ಕಿದ್ದೆಲ್ಲ ಸರಿಯಾಗಿದೆ ಅಂದರೆ ಕ್ಲಿಪ್‌ನ ಕಡೆ ನೋಡಿ, ಹಂತ 3. ಸಾಫ್ಟ್‌ವೇರ್ ಮಾತ್ರ ತಾನಾಗೇ ಮುಚ್ಚಿಕೊಂಡರೆ ಪ್ಲಗಿನ್ (ಹೊರಗಿನಿಂದ ಸೇರಿಸಿದ ಎಫೆಕ್ಟ್ ಸಾಫ್ಟ್‌ವೇರ್), ಡ್ರೈವರ್ (ಕಾರ್ಡ್‌ನಂಥ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್), ಇಲ್ಲವೇ ಕೆಟ್ಟ ಪ್ರಾಜೆಕ್ಟ್, ಹಂತ 5 ಮತ್ತು 6. ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ನಿಧಾನವಾದರೆ ಬಿಸಿ, ಹಂತ 8. ವಿಂಡೋಸ್ ಎರರ್ ತೋರಿಸುವ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಬಂದರೆ ರ‍್ಯಾಮ್ ಅಥವಾ ಡ್ರೈವರ್. ಆ ಪರದೆಯೂ ಬರದೆ, ಟಪ್ ಅಂತ ಆಫ್ ಆಗಿ ಮತ್ತೆ ಆನ್ ಆದರೆ ಎಸ್‌ಎಂಪಿಎಸ್, ಯುಪಿಎಸ್ ಅಥವಾ ವಿಪರೀತ ಬಿಸಿ. ಎಸ್‌ಎಂಪಿಎಸ್ ಅಂದರೆ ಸಿಪಿಯು ಡಬ್ಬಿಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆ, ಗೊತ್ತಲ್ಲ.

ವಿಂಡೋಸ್‌ನ ಸರ್ಚ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿ. ದಿನವಾರು ಏನೇನು ಕೆಟ್ಟಿತ್ತು ಅಂತ ಕೆಂಪು ಗುರುತಿನಲ್ಲಿ ತೋರಿಸುತ್ತದೆ. ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಕಂಡರೆ "ಎಸ್‌ಎಂಪಿಎಸ್ ಹೋಗಿದೆ" ಅಂತ ತಕ್ಷಣ ತೀರ್ಮಾನಿಸಬೇಡಿ. ಸಿಸ್ಟಂ ಸರಿಯಾಗಿ ಶಟ್‌ಡೌನ್ ಆಗದೇ ನಿಂತಿತ್ತು ಅನ್ನುವುದಷ್ಟೇ ಅದರ ಅರ್ಥ. ಕಾರಣ ಯಾವುದು ಅಂತ ಅದು ಹೇಳಲ್ಲ.

ಮುಂದಿನ ಎಲ್ಲ ಹಂತಕ್ಕೂ ಒಂದೇ ಕಟ್ಟುಪಾಡು: ಒಂದು ಸಲಕ್ಕೆ ಒಂದೇ ಬದಲಾವಣೆ. ಡ್ರೈವರ್ ಬದಲಾಯಿಸಿ, ರ‍್ಯಾಮ್ ಒರೆಸಿ, ಕ್ಯಾಶ್ ಅಳಿಸಿ, ಎಲ್ಲ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗಲ್ಲ. ಮುಂದಿನ ತಿಂಗಳು ಮತ್ತೆ ಮೊದಲಿಂದ ಹುಡುಕುತ್ತೀರಿ.

ಹಂತ 3: ಕ್ಲಿಪ್‌ನ ಜಾತಕ ನೋಡಿ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ನನಗೆ ಬರುವ "ಸಿಸ್ಟಂ ಸ್ಲೋ" ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ.

ಕ್ಯಾಮೆರಾ ವಿಡಿಯೊವನ್ನು ಹಾಗೇ ಬರೆದಿಡುವುದಿಲ್ಲ, ಕುಗ್ಗಿಸಿ ಬರೆಯುತ್ತದೆ. ಕುಗ್ಗಿಸುವ, ಮತ್ತೆ ಬಿಚ್ಚುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಎಚ್.264, ಎಚ್.265 ಎರಡೂ ಕೋಡೆಕ್‌ಗಳೇ. ಇವುಗಳಲ್ಲಿ ಎಲ್ಲ ಫ್ರೇಮ್ ಪೂರ್ತಿ ಇರುವುದಿಲ್ಲ. ಒಂದು ಪೂರ್ತಿ ಫ್ರೇಮ್, ಆಮೇಲೆ ಸುಮಾರು ಫ್ರೇಮ್‌ಗಳಿಗೆ "ಹಿಂದಿನದಕ್ಕಿಂತ ಏನು ಬದಲಾಯಿತು" ಅನ್ನುವ ಟಿಪ್ಪಣಿ ಮಾತ್ರ. ನೀವು ಟೈಮ್‌ಲೈನ್‌ನಲ್ಲಿ ನಡುವೆ ಎಲ್ಲೋ ಕ್ಲಿಕ್ ಮಾಡಿದರೆ ಸಿಸ್ಟಂ ಹಿಂದಿನ ಪೂರ್ತಿ ಫ್ರೇಮ್‌ಗೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಅದಕ್ಕೇ 10 ಜಿಬಿ ಫೈಲ್ ಸಲೀಸಾಗಿ ಓಡಿ, 2 ಜಿಬಿ ಫೈಲ್ ಜಗ್ಗುವುದು. ಫೈಲ್ ಚಿಕ್ಕದಿದ್ದರೆ ಕೆಲಸ ಹಗುರ ಅನ್ನುವುದು ತಪ್ಪು ಲೆಕ್ಕ.

ಜಗ್ಗುವ ಕ್ಲಿಪ್ಪನ್ನು ಮೀಡಿಯಾಇನ್ಫೊದಲ್ಲಿ ತೆರೆಯಿರಿ. ಮೂರು ಸಾಲು ನೋಡಿ.

ಮೊದಲನೆಯದು ಕೋಡೆಕ್ ಮತ್ತು ಬಣ್ಣದ ಸಾಲು. ಎಚ್.265, 10 ಬಿಟ್, 4:2:2 ಅಂತಿದ್ದರೆ ತೊಂದರೆಯ ಬುಡ ಸಿಕ್ಕಿತು. 4:2:2 ಅಂದರೆ ಬಣ್ಣದ ವಿವರವನ್ನು ಮಾಮೂಲಿ 4:2:0ಗಿಂತ ಜಾಸ್ತಿ ಉಳಿಸಿಕೊಳ್ಳುವ ಬಗೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇದು ಈಗ ಮಾಮೂಲಿ. ಬಣ್ಣ ತಿದ್ದಲು ಬಹಳ ಒಳ್ಳೆಯದು. ಆದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಕಾರ್ಡ್‌ಗಳು ಈ 4:2:2 ಫೈಲನ್ನು ತಾವೇ ಬಿಚ್ಚಲಾರವು. 50 ಸರಣಿಯಿಂದ ಮಾತ್ರ ಆ ಶಕ್ತಿ ಬಂದಿದೆ. ತಮಾಷೆ ಏನಪ್ಪಾ ಅಂದರೆ, ಇಂಟೆಲ್ 11ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳೊಳಗೆ ಇರುವ ಪುಟ್ಟ ಗ್ರಾಫಿಕ್ಸ್ ಈ ಕೆಲಸವನ್ನು ಆರಾಮಾಗಿ ಮಾಡುತ್ತದೆ. ಅದಕ್ಕೆ ಕ್ವಿಕ್ ಸಿಂಕ್ ಅಂತ ಹೆಸರು.

ಎಡವುವುದು ಎಲ್ಲಿ ಅಂದರೆ, ಅಂಗಡಿಯಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರ್ ತಂದಿರುತ್ತೀರಿ. ಅದರೊಳಗೆ ಈ ಗ್ರಾಫಿಕ್ಸೇ ಇರುವುದಿಲ್ಲ. ಇನ್ನು ಕೆಲವರ ಪ್ರೊಸೆಸರ್‌ನಲ್ಲಿ ಇದೆ, ಆದರೆ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಬಯಾಸ್‌ನಲ್ಲಿ ಅದು ಆಫ್ ಆಗಿದೆ. ಬಯಾಸ್ ಅಂದರೆ ವಿಂಡೋಸ್ ಏಳುವ ಮುಂಚೆ ಬರುವ ಮದರ್‌ಬೋರ್ಡ್ ಸೆಟ್ಟಿಂಗ್. ಅಲ್ಲಿ ಒಳಗಿನ ಗ್ರಾಫಿಕ್ಸನ್ನು ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ವಿಭಾಗಕ್ಕೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್‌ನಲ್ಲಿ ಇಂಟೆಲ್‌ಗೆ ಟಿಕ್ ಹಾಕಿ. ಒಂದು ಪೈಸೆ ಖರ್ಚಿಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ಮೂವತ್ತು, ನಲವತ್ತು ಸಾವಿರದ ಕಾರ್ಡ್ ಬದಲಾಯಿಸುತ್ತಾರೆ.

ಪ್ರೊಸೆಸರ್ ಹಳೆಯದಾಗಿದ್ದರೆ ಪ್ರಾಕ್ಸಿ ಮಾಡಿ. ಪ್ರಾಕ್ಸಿ ಅಂದರೆ ಎಡಿಟ್‌ಗೆ ಮಾತ್ರ ಬಳಸುವ ಹಗುರ ನಕಲು. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಮೂಲ ಕ್ಲಿಪ್ಪನ್ನೇ ತೆಗೆದುಕೊಳ್ಳುತ್ತದೆ. ಪ್ರೊರೆಸ್ ಪ್ರಾಕ್ಸಿ ಕೋಡೆಕ್, 1920x1080, ಸೆಕೆಂಡಿಗೆ 25 ಫ್ರೇಮ್ ಆದರೆ ಗಂಟೆಗೆ ಸುಮಾರು 17 ಜಿಬಿ ಜಾಗ ಹಿಡಿಯುತ್ತದೆ. ಎಡಿಯಸ್‌ನವರಿಗೆ ಅದರದೇ ಪ್ರಾಕ್ಸಿ ಮೋಡ್ ಇದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ತಯಾರು. ಎಚ್ಚರ: ಪ್ರಾಕ್ಸಿಯ ಫ್ರೇಮ್ ರೇಟು ಮತ್ತು ಆಡಿಯೊ ಚಾನೆಲ್ ಸಂಖ್ಯೆ ಮೂಲದ್ದೇ ಆಗಿರಬೇಕು. ಇಲ್ಲದಿದ್ದರೆ ಪ್ರೀಮಿಯರ್ ಅದನ್ನು ಜೋಡಿಸಲು ಒಪ್ಪುವುದಿಲ್ಲ.

ಎರಡನೆಯ ಸಾಲು ಫ್ರೇಮ್ ರೇಟ್ ಮೋಡ್. 'ವೇರಿಯಬಲ್' ಅಂತಿದ್ದರೆ ಅದು ಹೆಚ್ಚಾಗಿ ಮೊಬೈಲ್ ಕ್ಲಿಪ್ ಅಥವಾ ಸ್ಕ್ರೀನ್ ರೆಕಾರ್ಡಿಂಗ್. ಮದುಮಗಳ ತಮ್ಮ ಮೊಬೈಲಿನಲ್ಲಿ ಹಿಡಿದ ಡ್ಯಾನ್ಸ್ ಶುರುವಿನಲ್ಲಿ ತಾಳಕ್ಕೆ ಸರಿಯಾಗಿದ್ದು, ಮೂರು ನಿಮಿಷ ಆಗುವಷ್ಟರಲ್ಲಿ ಕಾಲು ಒಂದು ಕಡೆ, ಹಾಡು ಒಂದು ಕಡೆ ಆಗಿರುತ್ತದಲ್ಲ, ಅದಕ್ಕೆ ಕಾರಣ ಇದೇ. ಬೆಳಕು ಕಡಿಮೆಯಾದಾಗ ಮೊಬೈಲು ಫ್ರೇಮುಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಟೈಮ್‌ಲೈನ್‌ಗೆ ಎಳೆಯುವ ಮುಂಚೆ ಶಟರ್ ಎನ್‌ಕೋಡರ್‌ನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಾಯಿಸಿಕೊಳ್ಳಿ. ಆಡಿಯೊ ಕತ್ತರಿಸಿ ಕತ್ತರಿಸಿ ಜೋಡಿಸುವ ಕಷ್ಟ ಸುಮ್ನೆ ಯಾಕೆ?

ಮೂರನೆಯದು ಫ್ರೇಮ್ ರೇಟಿನ ಅಂಕಿ. ಒಂದು ಕ್ಯಾಮೆರಾ 25, ಇನ್ನೊಂದು 29.97, ಡ್ರೋನ್ 30 ಆಗಿದ್ದರೆ ಕ್ಯಾಮೆರಾ ನಿಧಾನವಾಗಿ ತಿರುಗುವ ಶಾಟ್‌ಗಳಲ್ಲಿ ಸಣ್ಣ ಜರ್ಕ್ ಬಂದೇ ಬರುತ್ತದೆ. ಅದು ಸಿಸ್ಟಂ ತಪ್ಪಲ್ಲ. ಕಲ್ಯಾಣ ಮಂಟಪದ ಲೈಟ್ ಅದುರುವುದೂ ಸಿಸ್ಟಂ ತಪ್ಪಲ್ಲ. ನಮ್ಮ ಕರೆಂಟ್ 50 ಹರ್ಟ್ಜ್. 25 ಅಥವಾ 50 ಫ್ರೇಮ್‌ನಲ್ಲಿ, ಶಟರ್ 1/50 ಅಥವಾ 1/100 ಇಟ್ಟು ಶೂಟ್ ಮಾಡಿದರೆ ಟ್ಯೂಬ್‌ಲೈಟ್, ಮಾಮೂಲಿ ಎಲ್‌ಇಡಿಗಳ ಅದುರಾಟ ಬಹುಮಟ್ಟಿಗೆ ತಪ್ಪುತ್ತದೆ. ಎಲ್ಲ ಕ್ಯಾಮೆರಾದವರಿಗೂ ಮೊದಲೇ ಹೇಳಿ.

ಹಂತ 4: ಕ್ಯಾಶ್ ಮತ್ತು ಜಾಗ

ಕ್ಯಾಶ್ ಅಂದರೆ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲು. ಅದು ತಿಂಗಳುಗಟ್ಟಲೆ ಬೆಳೆದು ಸಿ ಡ್ರೈವ್ ತುಂಬಿಸುತ್ತದೆ. ಪ್ರಾಜೆಕ್ಟ್ ಮುಚ್ಚಿ, ಪ್ರಿಫರೆನ್ಸಸ್‌ನ ಮೀಡಿಯಾ ಕ್ಯಾಶ್‌ಗೆ ಹೋಗಿ ಅಳಿಸಿ. ಕೆಲಸ ಏನೂ ಹೋಗುವುದಿಲ್ಲ. ಮುಂದಿನ ಸಲ ತೆರೆದಾಗ ಅದೆಲ್ಲ ಮತ್ತೆ ತಯಾರಾಗುವವರೆಗೆ ಸ್ವಲ್ಪ ತಡವಾಗುತ್ತದೆ, ಅಷ್ಟೇ. ಆ ತಡ ನೋಡಿ "ಅಯ್ಯೋ ಇನ್ನೂ ಸ್ಲೋ ಆಯ್ತು" ಅಂತ ಗಾಬರಿಯಾಗಬೇಡಿ.

ಎಸ್‌ಎಸ್‌ಡಿ ಪೂರ್ತಿ ತುಂಬಿದರೆ ನಿಧಾನವಾಗುತ್ತದೆ. ನಾನು ಐದರಲ್ಲಿ ಒಂದು ಪಾಲು ಖಾಲಿ ಇಡುತ್ತೇನೆ. ಅಗ್ಗದ ಎಸ್‌ಎಸ್‌ಡಿಗಳಿಗೆ ಇನ್ನೊಂದು ಗುಣ ಇದೆ. ಮೊದಲ ಸ್ವಲ್ಪ ಜಿಬಿ ಬಾಣದಂತೆ ಕಾಪಿ ಆಗಿ, ಆಮೇಲೆ ಎತ್ತಿನಗಾಡಿ. ಕೆಟ್ಟಿದೆ ಅಂತಲ್ಲ, ಅದು ಇರುವುದೇ ಹಾಗೆ.

ಹಂತ 5: ಒಂದೇ ಜಾಗದಲ್ಲಿ ನಿಲ್ಲುತ್ತಿದೆಯಾ?

ಎಕ್ಸ್‌ಪೋರ್ಟ್ ಪ್ರತಿ ಸಲ ಅದೇ ಪರ್ಸೆಂಟ್‌ನಲ್ಲಿ ನಿಂತರೆ ಖುಷಿಪಡಿ. ಕಳ್ಳ ಅಲ್ಲೇ ಇದ್ದಾನೆ. ಬೇರೆ ಬೇರೆ ಜಾಗದಲ್ಲಿ ನಿಂತರೆ ಈ ಹಂತ ಬಿಟ್ಟು ಹಂತ 8ಕ್ಕೆ ಹೋಗಿ.

ಟೈಮ್‌ಲೈನನ್ನು ಎರಡು ಭಾಗ ಮಾಡಿ, ಮೊದಲರ್ಧ ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಆಯಿತಾ? ಹಾಗಾದರೆ ತಪ್ಪು ಎರಡನೇ ಅರ್ಧದಲ್ಲಿದೆ. ಅದನ್ನು ಮತ್ತೆ ಅರ್ಧ ಮಾಡಿ. ಒಂದೂವರೆ ಗಂಟೆಯ ಮದುವೆ ವಿಡಿಯೊ ಆದರೂ ಏಳೆಂಟು ಸಲಕ್ಕೆ ಅರ್ಧ ನಿಮಿಷದ ಜಾಗಕ್ಕೆ ಬಂದು ನಿಲ್ಲುತ್ತೀರಿ. ಅಲ್ಲಿ ಫ್ರೇಮ್ ಫ್ರೇಮ್ ಆಗಿ ಬಾಣದ ಕೀ ಒತ್ತುತ್ತಾ ಹೋಗಿ. ಮೊನ್ನೆ ನನಗೆ ಸಿಕ್ಕಿದ್ದು ಹೀಗಿತ್ತು: ಅಕ್ಷತೆ ಕಾಳು ಗಾಳಿಯಲ್ಲಿದೆ, ಮದುಮಗನ ಪೇಟ ಸರಿಯಾಗಿದೆ, ಗಲ್ಲದಿಂದ ಕೆಳಗೆ ಪೂರ್ತಿ ಹಸಿರು ಪಟ್ಟಿ. ಬರೀ ಎರಡು ಫ್ರೇಮ್. ಕಾರ್ಡ್‌ನಿಂದ ಕಾಪಿ ಮಾಡುವಾಗ ಫೈಲ್ ಅಲ್ಲಿ ಕೆಟ್ಟಿತ್ತು. ಕಾರ್ಡ್ ಖಾಲಿ ಮಾಡಿರಲಿಲ್ಲ, ಮತ್ತೆ ಕಾಪಿ ಮಾಡಿದೆ, ಮುಗೀತು.

ಫ್ರೇಮ್ ಸರಿಯಿದ್ದರೆ ಆ ಜಾಗದ ಎಫೆಕ್ಟ್, ಟ್ರಾನ್ಸಿಷನ್ ಒಂದೊಂದಾಗಿ ಆಫ್ ಮಾಡಿ ನೋಡಿ. ಹೊರಗಿನ ಪ್ಲಗಿನ್ ಮೇಲೆ ಮೊದಲ ಅನುಮಾನ ಇರಲಿ. ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ರೆಂಡರರನ್ನು, ಅಂದರೆ ಚಿತ್ರ ತಯಾರಿಸುವ ಲೆಕ್ಕ ಯಾವುದು ಮಾಡಬೇಕು ಅನ್ನುವ ಆಯ್ಕೆಯನ್ನು, 'ಸಾಫ್ಟ್‌ವೇರ್ ಓನ್ಲಿ'ಗೆ ಬದಲಾಯಿಸಿ ಒಂದು ಸಲ ಎಕ್ಸ್‌ಪೋರ್ಟ್ ಮಾಡಿ. ನಿಧಾನ ಆಗುತ್ತದೆ, ಆದರೆ ಈಗ ಪಾಸಾದರೆ ತಪ್ಪು ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್‌ನದು. ಡೆಲಿವರಿ ಇವತ್ತೇ ಇದ್ದರೆ ಹೀಗೇ ಎಕ್ಸ್‌ಪೋರ್ಟ್ ಮಾಡಿ ಕೊಟ್ಟುಬಿಡಿ, ರಿಪೇರಿ ನಾಳೆ ನೋಡಿದರಾಯಿತು.

ಇಡೀ ಪ್ರಾಜೆಕ್ಟೇ ತೆರೆಯದಿದ್ದರೆ ಹೊಸ ಖಾಲಿ ಪ್ರಾಜೆಕ್ಟ್ ಮಾಡಿ, ಹಳೆಯದನ್ನು ಅದರೊಳಗೆ ಇಂಪೋರ್ಟ್ ಮಾಡಿ. ಅದೂ ಆಗದಿದ್ದರೆ ಆಟೊ ಸೇವ್‌ನ ಹಿಂದಿನ ಪ್ರತಿ. ಪ್ರೀಮಿಯರ್ ಶುರುವಿನಲ್ಲೇ ಬಿದ್ದರೆ ಆಲ್ಟ್ ಕೀ ಒತ್ತಿ ಹಿಡಿದು ತೆರೆಯಿರಿ, ಸೆಟ್ಟಿಂಗ್ ರೀಸೆಟ್ ಮಾಡುವ ಆಯ್ಕೆ ಬರುತ್ತದೆ. ಕ್ರ್ಯಾಕ್ ಮಾಡಿದ ಪ್ರತಿ ಬಳಸುತ್ತಿದ್ದರೆ ಒಂದು ಮಾತು: ಅದರಲ್ಲಿ ಬರುವ ಎರರ್‌ಗೆ ಕಾರಣ ಹುಡುಕುವುದು ನನ್ನಿಂದಲೂ ಆಗಲ್ಲ, ಯಾರಿಂದಲೂ ಆಗಲ್ಲ. ಏನು ಬದಲಾಯಿಸಿದ್ದಾರೆ ಅಂತ ಯಾರಿಗೆ ಗೊತ್ತು? ಜೊತೆಗೆ ಬಂದ ವೈರಸ್ ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿದರೆ ಅದು ಬೇರೆ ಕಷ್ಟ.

ಕನ್ನಡ ಟೈಟಲ್ ಒಡೆಯುವುದು

ಇದು ಹಂತ ಅಲ್ಲ, ಆದರೆ ವಾರಕ್ಕೆ ಎರಡು ಸಲ ಕೇಳುತ್ತೀರಿ. 'ಮುಹೂರ್ತ' ಅಂತ ಟೈಪ್ ಮಾಡಿದರೆ ಅರ್ಕಾವತ್ತು ತನ್ನ ಜಾಗಕ್ಕೆ ಬರಲ್ಲ, 'ಆರತಕ್ಷತೆ'ಯ ಕ್ಷ ಎರಡು ತುಂಡಾಗುತ್ತದೆ. ಫಾಂಟ್ ಕೆಟ್ಟಿಲ್ಲ. ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ. ಟೆಕ್ಸ್ಟ್ ಎಂಜಿನ್ ಅನ್ನುವಲ್ಲಿ 'ಸೌತ್ ಏಷಿಯನ್ ಅಂಡ್ ಮಿಡಲ್ ಈಸ್ಟರ್ನ್' ಆರಿಸಿ, ಟೈಟಲ್ ಹೊಸದಾಗಿ ಮಾಡಿ. ನಿರ್ಮಲಾ ಯುಐ, ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಬಳಸಿ. ಆಗಲೂ ಆಗದಿದ್ದರೆ ಫೋಟೊಶಾಪ್‌ನಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ತಂದುಕೊಳ್ಳಿ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳ ಕಥೆ ಬೇರೆ. ಅವುಗಳಲ್ಲಿ ಒತ್ತಕ್ಷರ ಒಡೆಯುವುದಿಲ್ಲ. ಯಾಕೆಂದರೆ ಅಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆದರೆ ಆ ಫಾಂಟ್ ಆ ಮಿಷನ್ನಿನಲ್ಲಿ ಇರಲೇಬೇಕು. ಫಾರ್ಮ್ಯಾಟ್ ಹೊಡೆಸಿ ಬಂದು ಹಳೆಯ ಪ್ರಾಜೆಕ್ಟ್ ತೆರೆದರೆ ಮದುಮಕ್ಕಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ ಇರುತ್ತದೆ. ಹಂತ 1ರ ಕಾಪಿಯಲ್ಲಿ ಫಾಂಟ್ಸ್ ಫೋಲ್ಡರ್ ಕೂಡ ಸೇರಿಸಿ.

ಹಂತ 6: ಡ್ರೈವರ್

ಎನ್‌ವಿಡಿಯಾದಲ್ಲಿ ಎರಡು ಬಗೆಯ ಡ್ರೈವರ್ ಸಿಗುತ್ತವೆ. ಗೇಮ್ ರೆಡಿ ಆಟದವರಿಗೆ, ಸ್ಟುಡಿಯೊ ನಮ್ಮಂಥವರಿಗೆ. ಸ್ಟುಡಿಯೊ ಹಾಕಿ. ಹಳೆಯದರ ಮೇಲೆ ಹೊಸದು ಹಾಕಿಯೂ ತೊಂದರೆ ಉಳಿದರೆ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನುವ ಸಾಫ್ಟ್‌ವೇರ್‌ನಿಂದ ಸೇಫ್ ಮೋಡ್‌ನಲ್ಲಿ ಹಳೆಯದನ್ನು ಬುಡಸಮೇತ ತೆಗೆದು ಆಮೇಲೆ ಹಾಕಿ. ಪ್ರಾಜೆಕ್ಟ್ ನಡುವೆ ಇದ್ದಾಗ ಯಾವುದನ್ನೂ ಅಪ್‌ಡೇಟ್ ಮಾಡಬೇಡಿ. ಹೊಸ ಪ್ರೀಮಿಯರ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಹಳೆಯದರಲ್ಲಿ ನೇರವಾಗಿ ತೆರೆಯಲು ಆಗುವುದಿಲ್ಲ.

ಹಂತ 7: ಡಿಸ್ಕ್

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆಯಿರಿ. ನೀಲಿ ಇದ್ದರೆ ಸರಿ. ಹಳದಿ ಬಂದರೆ ಇವತ್ತೇ ಕಾಪಿ ಮಾಡಿ. ಕೆಂಪಾದರೆ ಈಗಲೇ. ಹಾರ್ಡ್ ಡಿಸ್ಕ್‌ನಲ್ಲಿ 05, ಸಿ5, ಸಿ6 ಸಾಲುಗಳನ್ನು ನೋಡಿ. ಕೆಟ್ಟು ಪಕ್ಕಕ್ಕಿಟ್ಟ ಜಾಗ, ಅನುಮಾನದ ಜಾಗ, ಓದಲಾಗದ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಅಂಕಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಇನ್ನು ಹೆಚ್ಚು ದಿನದ್ದಲ್ಲ.

ಬಹಳ ಜನ ಮಾಡುವ ತಪ್ಪು ಒಂದಿದೆ. ಡಿಸ್ಕ್ ತೊಂದರೆ ಕೊಟ್ಟ ಕೂಡಲೇ 'ಚೆಕ್ ಡಿಸ್ಕ್' ಓಡಿಸುತ್ತಾರೆ. ಸಾಯುತ್ತಿರುವ ಡಿಸ್ಕ್‌ಗೆ ಅದು ದೊಡ್ಡ ಹೊರೆ, ಸಿಗಬೇಕಾದ ಫೈಲೂ ಸಿಗದೇ ಹೋಗಬಹುದು. ಮೊದಲು ಕಾಪಿ. ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕಾಪಿಗೂ ಕೈ ಹಾಕಬೇಡಿ. ಆಫ್ ಮಾಡಿ, ಡೇಟಾ ರಿಕವರಿಯವರಿಗೆ ಕೊಡಿ.

ಪಾರ್ಟಿಗೆ, ಅಂದರೆ ಮದುವೆ ಮನೆಯವರಿಗೆ, ಪೆನ್‌ಡ್ರೈವ್ ಕೊಡುವಾಗ "ಜಾಗ ಇದ್ದರೂ ಕಾಪಿ ಆಗ್ತಿಲ್ಲ" ಅನ್ನುವುದು ರೋಗವೇ ಅಲ್ಲ. ಪೆನ್‌ಡ್ರೈವ್ ಫ್ಯಾಟ್32 ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿ. ಅವರ ಹಳೆಯ ಟಿವಿ ಎಕ್ಸ್‌ಫ್ಯಾಟ್ ಓದುವುದಿಲ್ಲ ಅಂದರೆ ವಿಡಿಯೊವನ್ನೇ ಎರಡು ಭಾಗ ಮಾಡಿ ಕೊಡಿ.

ಹಂತ 8: ಬಿಸಿ

ನಮ್ಮ ಕಡೆ ಶಿವರಾತ್ರಿ ಕಳೆದ ಮೇಲೆ ಕೇಳಬೇಕೇ? ಏಪ್ರಿಲ್, ಮೇ ಮಧ್ಯಾಹ್ನ 38, 40 ಡಿಗ್ರಿಯ ಆಸುಪಾಸು. ಮದುವೆ ಸೀಸನ್ನೂ ಅದೇ. ಕೋಣೆ 10 ಡಿಗ್ರಿ ಬಿಸಿಯಾದರೆ ಒಳಗಿನ ಪ್ರೊಸೆಸರ್ರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮಿತಿ ಮುಟ್ಟಿದ ಕೂಡಲೇ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಬೆಳಗ್ಗೆ ನಲವತ್ತು ನಿಮಿಷಕ್ಕೆ ಆದ ಎಕ್ಸ್‌ಪೋರ್ಟ್ ಮಧ್ಯಾಹ್ನ ಒಂದೂವರೆ ಗಂಟೆ ಹಿಡಿಯುವುದು ಹೀಗೆ.

ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು ಅರ್ಧ ಗಂಟೆ ಎಕ್ಸ್‌ಪೋರ್ಟ್ ಓಡಿಸಿ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಮಿತಿ ಸಾಮಾನ್ಯವಾಗಿ 100 ಡಿಗ್ರಿ. ರೈಜನ್ 7000 ಸರಣಿಯ ಹಲವು ಪ್ರೊಸೆಸರ್‌ಗಳು ಪೂರ್ತಿ ಕೆಲಸದಲ್ಲಿ 95ಕ್ಕೆ ಹೋಗುವಂತೆಯೇ ತಯಾರಾಗಿವೆ, ಅದನ್ನು ನೋಡಿ ಹೆದರಬೇಡಿ. ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲಿನಲ್ಲಿ 'ಯೆಸ್' (ಹೌದು) ಅಂತ ಬಂದರೆ ಡಬ್ಬಿ ಬಿಚ್ಚುವ ಹೊತ್ತು ಬಂತು.

ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಪಕ್ಕದ ಮುಚ್ಚಳ ತೆಗೆಯಿರಿ. ಡಬ್ಬಿಯ ಬಣ್ಣ ಬಳಿಯದ ಕಬ್ಬಿಣದ ಭಾಗ ಮುಟ್ಟಿ ಕೈಯ ಸ್ಟ್ಯಾಟಿಕ್ ಬಿಡಿಸಿಕೊಳ್ಳಿ. ಈಗ ಪ್ರೊಸೆಸರ್ ಫ್ಯಾನ್ ನೋಡಿ. ಮೇಲಿಂದ ಸ್ವಚ್ಛವಾಗೇ ಕಾಣುತ್ತದೆ. ಫ್ಯಾನ್ ಬಿಚ್ಚಿದರೆ ಕೆಳಗೆ, ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಬೂದು ಬಣ್ಣದ ಹಾಸು ಕೂತಿರುತ್ತದೆ. ಕಂಬಳಿ ತುಂಡಿನ ಹಾಗೆ ಉಗುರಿನಲ್ಲಿ ಎತ್ತಿದರೆ ಒಂದೇ ಹಾಳೆಯಾಗಿ ಏಳುತ್ತದೆ. ರಸ್ತೆ ಬದಿಯ ಅಂಗಡಿಗಳಲ್ಲಿ ಇದು ಬೇಗ ಕಟ್ಟುತ್ತದೆ. ಸಿಪಿಯು ಪಕ್ಕದಲ್ಲೇ ದೇವರ ಫೋಟೊ, ದಿನಾ ಊದಿನಕಡ್ಡಿ ಅಂದರೆ ಧೂಳಿಗೆ ಅಂಟೂ ಸೇರುತ್ತದೆ, ಬ್ಲೋವರ್‌ಗೆ ಬಗ್ಗಲ್ಲ. ಬ್ರಷ್‌ನಲ್ಲೇ ತೆಗೆಯಬೇಕು. ದೇವರನ್ನಲ್ಲ, ಸಿಪಿಯುವನ್ನು ಆ ಕಡೆ ಇಡಿ.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್‌ಗೆ ಹೊರಗಿನಿಂದ ಗಾಳಿ ಹಿಡಿಯಿರಿ, ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯದ ಕರೆಂಟ್ ಉಳಿದಿರುತ್ತದೆ. ಹೀಟ್‌ಸಿಂಕ್, ಅಂದರೆ ಆ ಅಲ್ಯೂಮಿನಿಯಂ ಪಟ್ಟಿಗಳ ಭಾಗ, ಎತ್ತಿದರೆ ಪ್ರೊಸೆಸರ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಲೇಬೇಕು. ಹಳೆಯದರ ಮೇಲೆ ಹಾಗೇ ಕೂರಿಸಿದರೆ ಮೊದಲಿಗಿಂತ ಬಿಸಿ ಜಾಸ್ತಿಯಾಗುತ್ತದೆ.

ಹಂತ 9: ರ‍್ಯಾಮ್, ಪ್ರೊಸೆಸರ್, ಕರೆಂಟು

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಇದ್ದರೆ, ಅಂದರೆ ರ‍್ಯಾಮನ್ನು ಮಾಮೂಲಿಗಿಂತ ವೇಗವಾಗಿ ಓಡಿಸುವ ಸೆಟ್ಟಿಂಗ್, ಒಂದು ದಿನ ಆಫ್ ಮಾಡಿ ಕೆಲಸ ಮಾಡಿ. ಆಮೇಲೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಅದು ತಪ್ಪೇ. "ಬರೀ ಎರಡು ಎರರ್" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿದರೆ ಯಾವುದು ಕೆಟ್ಟಿದೆ ಅಂತ ಗೊತ್ತಾಗುತ್ತದೆ.

ಇಂಟೆಲ್ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಐ7, ಐ9 ಇದ್ದು, ಕಾರಣವಿಲ್ಲದೇ ಕ್ರ್ಯಾಶ್ ಆಗುತ್ತಿದ್ದರೆ ಮದರ್‌ಬೋರ್ಡ್ ಕಂಪನಿಯ ತಾಣದಿಂದ ಬಯಾಸ್ ಅಪ್‌ಡೇಟ್ ಮಾಡಿ. ಈ ಪ್ರೊಸೆಸರ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದು ಕ್ರಮೇಣ ಹಾಳಾಗುವ ದೋಷವನ್ನು 2024ರಲ್ಲಿ ಇಂಟೆಲ್ ಕಂಪನಿಯೇ ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿದೆ. ಬಾಕ್ಸ್ ಪ್ರೊಸೆಸರ್‌ಗಳಿಗೆ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದೆ. ಆಗಲೇ ಹಾಳಾಗಿರುವ ಚಿಪ್ ಅಪ್‌ಡೇಟ್‌ನಿಂದ ಸರಿಹೋಗಲ್ಲ, ಬಿಲ್ ಹುಡುಕಿ ವಾರಂಟಿಗೆ ಕೊಡಿ. ಬಯಾಸ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ಬೋರ್ಡೇ ಏಳದೇ ಹೋಗಬಹುದು. ಯುಪಿಎಸ್ ಮೇಲೆ ಮಾತ್ರ ಮಾಡಿ.

ಯುಪಿಎಸ್ ಅಂದಾಗ ನೆನಪಾಯಿತು. 600 ವಿಎ ಅಂತ ಬರೆದ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಎಡಿಟಿಂಗ್ ಸಿಸ್ಟಂ ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಅದಕ್ಕಿಂತ ಜಾಸ್ತಿ ಎಳೆಯಬಹುದು. ಸುಮ್ಮನೆ ಕೂತಾಗ ಕರೆಂಟ್ ಹೋದರೆ ತಡೆಯುತ್ತದೆ, ಎಕ್ಸ್‌ಪೋರ್ಟ್ ನಡುವೆ ಹೋದರೆ ಟಪ್. ಬೈಯುವುದು ಮಾತ್ರ ಪ್ರೀಮಿಯರ್‌ಗೆ. ಮನೆ ಇನ್ವರ್ಟರ್ ಮೇಲೆ ಓಡಿಸುವವರು ಅದರ ಮೇಲಿನ ಸ್ವಿಚ್ ನೋಡಿ. ಯುಪಿಎಸ್ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಇನ್ನೊಂದರಲ್ಲಿ ತಡವಾಗಿ ಸಿಸ್ಟಂ ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂತಿದೆಯಾ? ಅರ್ಥಿಂಗ್ ಸರಿಯಿಲ್ಲ. ಇದಕ್ಕೆ ಕಂಪ್ಯೂಟರ್‌ನವರನ್ನಲ್ಲ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಹಂತ 10: ಈಗ ಬೇಕಾದರೆ ಫಾರ್ಮ್ಯಾಟ್

ಒಂಬತ್ತೂ ಆದ ಮೇಲೂ ಸಾಫ್ಟ್‌ವೇರ್ ಮೇಲೇ ಅನುಮಾನ ಉಳಿದರೆ ಹೊಡೆಸಿ. ಫಾಂಟ್, ಲಟ್ (ಬಣ್ಣ ತಿದ್ದಲು ಬಳಸುವ ಫೈಲು), ಪ್ರಿಸೆಟ್, ಕೀಬೋರ್ಡ್ ಶಾರ್ಟ್‌ಕಟ್ ಎಲ್ಲದರ ಕಾಪಿ ಇರಲಿ. ಸಾಫ್ಟ್‌ವೇರ್ ಲೈಸೆನ್ಸ್‌ಗಳಿಂದ ಸೈನ್ ಔಟ್ ಆಗಿ. ಸಾಧ್ಯವಾದರೆ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿಸಿ, ಹಳೆಯದನ್ನು ಹಾಗೇ ಎತ್ತಿಡಿ. ಏನೋ ಮರೆತಿದ್ದು ಹದಿನೈದು ದಿನದೊಳಗೆ ಖಂಡಿತ ನೆನಪಾಗುತ್ತದೆ.

ಅಂಗಡಿಗೆ ಒಯ್ಯುವುದಾದರೆ ಹಂತ 2ರ ನೋಟ್‌ಬುಕ್ ಜೊತೆಗಿರಲಿ. "ಸ್ಲೋ ಇದೆ ನೋಡಿ" ಅನ್ನುವುದಕ್ಕಿಂತ "ಎಕ್ಸ್‌ಪೋರ್ಟ್ ಶುರುವಾಗಿ 25 ನಿಮಿಷಕ್ಕೆ ಆಫ್ ಆಗುತ್ತೆ, ಪ್ರೊಸೆಸರ್ 72 ಡಿಗ್ರಿ ಇತ್ತು, ರ‍್ಯಾಮ್ ಟೆಸ್ಟ್ ಪಾಸಾಗಿದೆ" ಅಂದರೆ ಅವರು ನೇರವಾಗಿ ಎಸ್‌ಎಂಪಿಎಸ್‌ಗೆ ಕೈ ಹಾಕುತ್ತಾರೆ. ರ‍್ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಸೀರಿಯಲ್ ನಂಬರ್ ಫೋಟೊ ಹೊಡೆದುಕೊಳ್ಳಿ. ಕ್ಲಿಪ್‌ಗಳಿರುವ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ. ಅದರಲ್ಲಿರುವುದು ಬೇರೆಯವರ ಮನೆಯ ಮದುವೆ.